ಮದುವೆಗೆ ಪ್ರೋತ್ಸಾಹಧನ ಇದೆ, ಮಗು ಬಂದ ಮೇಲೆ?

ಮಾನ್ಯ ಸಂಪಾದಕರೇ,

ರಾಜ್ಯ ಬಜೆಟ್‌ಗೆ ಯಾರು ಏನೇನು ಕೇಳುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದುತ್ತಿದ್ದೇನೆ. ವಿಕಲಚೇತನರ ಪರವಾಗಿ ಮಾಸಾಶನ ಹೆಚ್ಚಿಸಿ, ತ್ರಿಚಕ್ರ ವಾಹನ ಜಾಸ್ತಿ ಕೊಡಿ ಎಂಬ ಬೇಡಿಕೆಗಳಿವೆ. ಎರಡೂ ಬೇಕಾದವೇ. ನನ್ನದು ಇನ್ನೊಂದಿದೆ. ಮಕ್ಕಳನ್ನು ಸಾಕುತ್ತಿರುವ ವಿಕಲಚೇತನ ತಂದೆ ತಾಯಿಗೆ ನಿಜವಾಗಿ ಏನು ಬೇಕು ಎಂದು ಅಧ್ಯಯನ ಮಾಡಲು ಸರ್ಕಾರ ದುಡ್ಡು ತೆಗೆದಿಡಲಿ. ಅಧ್ಯಯನ ಅಂದ ಕೂಡಲೇ ಜನ ನಗುತ್ತಾರೆ. ‘ಅದಕ್ಕಿಂತ ಆ ದುಡ್ಡನ್ನೇ ಹಂಚಿಬಿಡಿ’ ಅನ್ನುತ್ತಾರೆ. ಹಂಚಲು ಹೋದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು.

ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಪೋಲಿಯೊದಿಂದ ನನ್ನ ಎಡಗಾಲು ಸಣ್ಣದು. ಮಗ ಈಗ ಶಾಲೆಗೆ ಹೋಗುತ್ತಾನೆ.

ಪಂಚಾಯಿತಿಯಲ್ಲಿ ನಮಗಾಗಿ ಶೇ 5ರ ಅನುದಾನ ಇರುತ್ತದೆ. ನಮ್ಮ ಊರಲ್ಲಿ ಒಬ್ಬ ತಾಯಿಗೆ ಎರಡೂ ಕಾಲಿಗೆ ಶಕ್ತಿ ಇಲ್ಲ. ನೆಲದ ಮೇಲೆ ಕೈಯೂರಿ ಸರಿಯುತ್ತಾ ಓಡಾಡುತ್ತಾಳೆ. ಕೂಸನ್ನು ಮೈಗೆ ಭದ್ರವಾಗಿ ಕಟ್ಟಿಕೊಂಡು ಸರಿಯುವಂಥದ್ದು ಏನಾದರೂ ಅವಳಿಗೆ ಕೊಡಿಸೋಣ ಎಂದೆ. ಪಿಡಿಒ ಒಳ್ಳೆಯವರೇ. ‘ಕೊಡೋಣ ಮೇಡಂ, ಕೊಟೇಶನ್ ತನ್ನಿ’ ಎಂದರು. ಎಲ್ಲಿಂದ ತರಲಿ? ಅಂಥ ವಸ್ತುವನ್ನು ಯಾರೂ ಮಾಡಿಲ್ಲ. ಅದಕ್ಕೊಂದು ಹೆಸರಿಲ್ಲ, ಅಳತೆ ಇಲ್ಲ, ದರಪಟ್ಟಿ ಇಲ್ಲ. ಹೆಸರಿಲ್ಲದ ವಸ್ತುವಿಗೆ ಬಿಲ್ ಆಗುವುದಿಲ್ಲ. ಕೊನೆಗೆ ಆ ದುಡ್ಡಿನಲ್ಲಿ ಅವಳ ಮನೆಗೆ ನೀರಿನ ಫಿಲ್ಟರ್ ಬಂತು.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಕಡೆ ಕೂಸಿಗೆ ಎರೆಯುವುದು ಹೇಗೆ ಅಂತ ನಿಮಗೆ ಗೊತ್ತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎರಡೂ ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು, ಬಿಸಿನೀರು ಹಾಕುವುದು. ನನ್ನ ಒಂದು ಕಾಲು ದಪ್ಪ, ಒಂದು ಕಾಲು ಕಡ್ಡಿ. ಎಣ್ಣೆ ಹಚ್ಚಿದ ಕೂಸು ಸಣ್ಣ ಕಾಲಿನ ಕಡೆಗೆ ಜಾರುತ್ತಿತ್ತು. ‘ನಿನ್ನ ಕೈಯಾಗ ಆಗಂಗಿಲ್ಲ ಬಿಡವ್ವ’ ಎಂದು ಅತ್ತೆ ತಾವೇ ಎರೆಯಲು ಕೂತರು. ಅವರು ಇರುವಷ್ಟು ದಿನ ಸರಿ. ಅವರು ಊರಿಗೆ ಹೋದ ಮೇಲೆ ನಮ್ಮ ಮನೆಯವರು ಬಡಿಗೇರರಿಗೆ ಹೇಳಿ ಒಂದು ಇಳಿಜಾರು ಮಣೆ ಮಾಡಿಸಿದರು. ಎರಡೂ ಬದಿಗೆ ಅಂಚು, ಕೆಳಗೆ ನೀರು ಹೋಗಲು ತೂತು. ಆ ಮಣೆ ಈಗಲೂ ಊರೂರು ಸುತ್ತುತ್ತಿದೆ. ಯಾರಿಗೆ ಬೇಕೋ ಅವರು ಒಯ್ಯುತ್ತಾರೆ. ಒಬ್ಬ ಬಡಿಗೇರರು ಅಂದಾಜಿನಲ್ಲಿ ಮಾಡಿದ್ದು ಇಷ್ಟು ಕೆಲಸಕ್ಕೆ ಬಂತು. ಕಲಿತ ಎಂಜಿನಿಯರುಗಳು, ಫಿಸಿಯೋಥೆರಪಿಯವರು ನಾಲ್ಕು ತಾಯಂದಿರ ಜೊತೆ ಕೂತು ಮಾಡಿದರೆ?

ಇದು ನನ್ನ ಕನಸೇನಲ್ಲ. ಅಮೆರಿಕದ ಬರ್ಕ್ಲಿ ಊರಿನಲ್ಲಿ ‘ಥ್ರೂ ದಿ ಲುಕಿಂಗ್ ಗ್ಲಾಸ್’ ಎಂಬ ಸಂಸ್ಥೆ 1982ರಲ್ಲೇ ಶುರುವಾಯಿತು. ಅಂಗವಿಕಲ ತಾಯಂದಿರು ಕೂಸನ್ನು ಎತ್ತುವುದು, ಬಟ್ಟೆ ಬದಲಿಸುವುದು, ಇದನ್ನೆಲ್ಲ ಅವರು ವಿಡಿಯೊ ಮಾಡಿ ಕೂತು ನೋಡಿದರು. ಮುಂದೆ ಅಲ್ಲಿನ ಕೇಂದ್ರ ಸರ್ಕಾರ ಸಂಶೋಧನೆಗೆ ಅನುದಾನ ಕೊಟ್ಟಿತು. ಗಾಲಿಕುರ್ಚಿಯಿಂದಲೇ ಕೈಗೆಟಕುವಂತೆ ಪಕ್ಕಕ್ಕೆ ತೆರೆಯುವ ತೊಟ್ಟಿಲಿನಂಥ ಸಾಧನಗಳನ್ನು ಮಾಡಿದರು. ಅವರು ಕಂಡುಕೊಂಡ ಒಂದು ಸಂಗತಿ ನನಗೆ ತುಂಬಾ ಇಷ್ಟವಾಯಿತು. ಪುಟ್ಟ ಕೂಸುಗಳೂ ತಾಯಿಯ ಮೈಗೆ ಹೊಂದಿಕೊಳ್ಳುತ್ತವಂತೆ. ನನ್ನ ಮಗನೂ ಹಾಗೇ ಇದ್ದ. ಅಜ್ಜಿ ಎತ್ತಿಕೊಂಡರೆ ಕೈಕಾಲು ಬಡಿಯುವವನು, ನಾನು ಒಂದು ಕೈಯಲ್ಲಿ ಗೋಡೆ ಹಿಡಿದು ಎತ್ತುವಾಗ ಮೈ ಮುದುರಿ ಸುಮ್ಮನಿರುತ್ತಿದ್ದ.

ಅಲ್ಲಿಯ ತೊಟ್ಟಿಲನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಅವರದು ಮೇಜು, ಮಂಚ, ಗಾಲಿಕುರ್ಚಿಯ ಬದುಕು. ನಮ್ಮದು ನೆಲ, ಸೀರೆಯ ಜೋಲಿ, ಎತ್ತರದ ಹೊಸ್ತಿಲು, ಹಿತ್ತಲ ಬಚ್ಚಲು. ಅಧ್ಯಯನ ಇಲ್ಲೇ ಆಗಬೇಕು ಅನ್ನುವುದು ಇದಕ್ಕೇ.

ಈಗಿರುವ ಯೋಜನೆಗಳನ್ನು ನೋಡಿ. ವಿಕಲಚೇತನರನ್ನು ಮದುವೆಯಾಗುವ ಇತರರಿಗೆ ನಮ್ಮ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. (ನಮ್ಮನ್ನು ಕಟ್ಟಿಕೊಂಡಿದ್ದಕ್ಕೆ ಬಹುಮಾನ! ಅದನ್ನು ಇನ್ನೊಮ್ಮೆ ಜಗಳ ಮಾಡೋಣ.) ಮಗು ಹುಟ್ಟಿದ ಮೇಲೆ ಶಿಶುಪಾಲನಾ ಭತ್ಯೆ ಇದೆ. ತಿಂಗಳಿಗೆ 2,000 ರೂಪಾಯಿ. ಆದರೆ ಕಣ್ಣು ಕಾಣದ ತಾಯಿಗೆ ಮಾತ್ರ, ಎರಡು ಮಕ್ಕಳವರೆಗೆ, ಮಗುವಿಗೆ ಎರಡು ವರ್ಷ ಆಗುವ ತನಕ. ಆ ಭತ್ಯೆ ಕೊಟ್ಟಿದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ತಕರಾರಿಲ್ಲ. ಆದರೆ ಕೂಸು ಬಾಗಿಲು ದಾಟಿ ರಸ್ತೆಗೆ ಓಡುವುದೇ ಎರಡು ವರ್ಷದ ಮೇಲೆ ಅಲ್ವಾ? ನನಗೆ ಗೊತ್ತಿರುವ ಒಬ್ಬ ತಾಯಿ ಮಗಳ ಕಾಲಿಗೆ ಗೆಜ್ಜೆ ಕಟ್ಟಿ, ಸದ್ದು ಹಿಡಿದು ಹಿಂದೆ ಹೋಗುತ್ತಾಳೆ. ಗೆಜ್ಜೆ ಸದ್ದು ನಿಂತರೆ ಅವಳ ಎದೆ ನಿಲ್ಲುತ್ತದೆ. ಇನ್ನು ಕಣ್ಣು ಕಾಣದ ತಂದೆ, ಕಾಲಿಲ್ಲದ ತಾಯಿ, ಕಿವಿ ಕೇಳದ ಗಂಡ ಹೆಂಡತಿ ಇವರಿಗೆ ಈ ಭತ್ಯೆಯಲ್ಲಿ ಜಾಗವೇ ಇಲ್ಲ. ಎರಡೇ ವರ್ಷ ಯಾಕೆ, ಅವರೊಬ್ಬರಿಗೇ ಯಾಕೆ? ಯಾರಾದರೂ ತಾಯಂದಿರನ್ನು ಕೇಳಿ ನಿರ್ಧಾರ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಿಸುತ್ತದೆ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ವಿಕಲಚೇತನ ತಾಯಂದಿರಿಗೆ 2017ರಲ್ಲಿ ಮಕ್ಕಳ ಆರೈಕೆ ಭತ್ಯೆಯನ್ನು 3,000 ರೂಪಾಯಿಗೆ ಏರಿಸಿದರು. ಅದಕ್ಕೂ ಎರಡೇ ವರ್ಷದ ಮಿತಿ.

ಕಿವಿ ಕೇಳದ ದಂಪತಿಯ ವಿಷಯ ಬಂತಲ್ಲ, ನನಗೆ ಗೊತ್ತಿರುವ ಅಂಥ ಒಂದು ಜೋಡಿಯ ಮಗನಿಗೆ ಕಿವಿ ಚೆನ್ನಾಗಿದೆ. ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿ ಎಲ್ಲ ಕಡೆ ಅಪ್ಪ ಅಮ್ಮನಿಗೆ ಅವನೇ ಬಾಯಿ. ಶಾಲೆಯಲ್ಲಿ ಪಾಲಕರ ಸಭೆಯಾದಾಗ ತನ್ನ ಮೇಲಿನ ದೂರನ್ನೂ ಅವನೇ ಕೈಸನ್ನೆಯಲ್ಲಿ ಹೇಳಬೇಕು. ಏನು ಹೇಳಿದನೋ ದೇವರೇ ಬಲ್ಲ. ಅಪ್ಪ ಮಾತ್ರ ಖುಷಿಯಿಂದ ಮೇಷ್ಟ್ರಿಗೆ ಕೈ ಮುಗಿದು ಬಂದರು! ನಗು ಬರುತ್ತದೆ ನಿಜ. ಆದರೆ ಅಮ್ಮನ ಕಾಯಿಲೆಯ ವಿಷಯವನ್ನೂ ಡಾಕ್ಟರ ಬಾಯಿಂದ ಮೊದಲು ಕೇಳಬೇಕಾದವನು ಆ ಹುಡುಗನೇ.

ಕಾನೂನು ಅಡ್ಡಿಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಅಂಗವಿಕಲ ಮಹಿಳೆಯರಿಗೆ ಮಕ್ಕಳನ್ನು ಬೆಳೆಸಲು ನೆರವು ಎಂದಿದೆ. 28ನೇ ಸೆಕ್ಷನ್ ಸಂಶೋಧನೆ ಮಾಡಿಸುವುದು ಸರ್ಕಾರದ ಕೆಲಸ ಎನ್ನುತ್ತದೆ. ಒಂದು ಕಡೆ ಮಾತ್ರ ನಮ್ಮ ಕಾಯ್ದೆ ಹಿಂದೆ ಬಿದ್ದಿದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ, ಮಗುವಿನದಾಗಲಿ ಹೆತ್ತವರದಾಗಲಿ ಅಂಗವಿಕಲತೆಯ ಕಾರಣಕ್ಕೆ ಮಗುವನ್ನು ಅವರಿಂದ ಬೇರೆ ಮಾಡಬಾರದು ಎಂದಿದೆ. ನಮ್ಮ 9ನೇ ಸೆಕ್ಷನ್ ಅಂಗವಿಕಲ ಮಗುವಿನ ಮಾತನ್ನಷ್ಟೇ ಆಡುತ್ತದೆ. ಅಂಗವಿಕಲ ಹೆತ್ತವರ ಮಾತು ಅದರಲ್ಲಿ ಬಿಟ್ಟುಹೋಗಿದೆ. ‘ಕೂಸನ್ನು ನಿಮ್ಮಕ್ಕನ ಮನೆಯಲ್ಲಿ ಬಿಡು, ಅಲ್ಲಿ ಚೆನ್ನಾಗಿ ಬೆಳೀತದ’ ಎನ್ನುವ ಸಂಬಂಧಿಕರ ಮುಂದೆ ನಾವು ತೋರಿಸಲು ಒಂದು ಸಾಲಿಲ್ಲ.

ಲೆಕ್ಕದಿಂದಲೇ ಶುರು ಮಾಡಲಿ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರಲ್ಲಿ ತಂದೆ ತಾಯಿ ಎಷ್ಟು ಮಂದಿ? ಆರೋಗ್ಯ ಇಲಾಖೆಯ ತಾಯಿ ಕಾರ್ಡನ್ನೂ ವಿಕಲಚೇತನರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಸ ತಾಯಂದಿರ ಲೆಕ್ಕವಾದರೂ ಸಿಗುತ್ತದೆ. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಾಡುವ ಜನಕ್ಕೆ ಬರವಿಲ್ಲ. ವಿಕಲಚೇತನರ ಇಲಾಖೆಯ ಹೆಸರಲ್ಲಿ ಬಜೆಟ್ಟಿನಲ್ಲಿ ಇದಕ್ಕೆಂದೇ ಒಂದು ಮೊತ್ತ ಇಡಬೇಕು, ಅಷ್ಟೇ.

ಇನ್ನೊಂದು ಮಾತು. ಹೀಗೆ ಅಧ್ಯಯನ ಶುರುವಾದರೆ ಮನೆ ಮನೆ ತಿರುಗುವ ಕೆಲಸ ವಿಆರ್‌ಡಬ್ಲ್ಯುಗಳಿಗೇ ಬರುತ್ತದೆ. ಖುಷಿಯಿಂದ ಮಾಡುತ್ತೇವೆ. ಆದರೆ ಕೈಗೊಂದು ಫಾರಂ ಕೊಟ್ಟು ಪುಕ್ಕಟೆ ಮಾಡಿಸಬೇಡಿ. ನಮ್ಮ ದಿನಭತ್ಯೆಯನ್ನೂ, ಸ್ಕೂಟರಿನ ಪೆಟ್ರೋಲನ್ನೂ ಅದೇ ಮೊತ್ತದಲ್ಲಿ ಸೇರಿಸಿ.

— ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)