ಊರ ಪಾಲಾದ ಅವ್ವ

ಚಿ. ಸೌ. ಅಣ್ಣನ ಮಗಳಿಗಿ ಆಳಂದದಿಂದ ಅತ್ತಿಯ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ದಿನಾ ಫೋನಿನ್ಯಾಗ ಮಾತಾಡಾಕಿ ಕಾಗದಾ ಬರ್ದಾಳಂದ್ರ ಏನೋ ಅದ ಅಂತ ಲಕೋಟಿ ಒಡಿವಾಗೇ ಅನಿಸಿತ್ತು. ಸೋಯಾ ರಾಶಿ, ಸಂಘದ ಸಾಲ, ಪಂಚಾಯತಿ ಜಗಳ ಎಲ್ಲಾ ಓದಿದೆ. ಅವು ನನಗಿಂತ ನಿನಗೇ ಚಂದ ತಿಳಿತಾವ. ಕೊನೀಗಿ ಸಣ್ಣ ಅಕ್ಷರದಾಗ, "ನಾಳಿ ನನ್ನ ಮಗಳು ದೊಡ್ಡಾಕಿ ಆಗಿ, ನಮ್ಮವ್ವ ಊರಿಗಿ ಇದ್ದಳು, ನನಗ ಇದ್ದಿಲ್ಲ ಅಂದ್ರ ಏನು ಮಾಡ್ಲಿ ಅತ್ತಿ" ಅಂತ ಕೇಳಿ ನೋಡು, ಅದು ನನ್ನ ನಿದ್ದಿ ಕೆಡಿಸ್ಯಾದ.

ಯಾಕಂದ್ರ ಆ ಮಾತು ನಾನೇ ಅಂದೀನಿ. ನಿಮ್ಮ ಆಯಿಗಿ, ಅಂದ್ರ ನಮ್ಮವ್ವಗ, ಮಾರಿ ಮುಂದ ನಿಂತು.

ಆಯಿ ಹ್ಯಾಂಗ ತೀರಿಕೊಂಡಳು, ಎಷ್ಟು ಮಂದಿ ಬಂದಿದ್ರು, ನಿಜಾಮನ ರಜಾಕಾರರ ಕಾಲಕ್ಕ ಜೋಳದ ಬೆಳಿಯಾಗ ಹ್ಯಾಂಗ ಅಡಗಿ ಕೂತಿದ್ದಳು, ಇವು ನಿನಗ ಗೊತ್ತಿದ್ದವೇ. ಮತ್ತ ಬರಿಯೂದಿಲ್ಲ. ನಿನಗ ಗೊತ್ತಿಲ್ಲದ್ದು ಮಗಳಾಗಿ ನಾ ಕಂಡದ್ದು. ಅದನ್ನ ನಿಮ್ಮಪ್ಪನೂ ನಿನಗ ಹೇಳಿರಲಿಕ್ಕಿಲ್ಲ. ಗಂಡಮಕ್ಕಳು ಇಂಥವು ನೆಂಪಿನ್ಯಾಗ ಇಟ್ಟುಕೊಳ್ಳೂದು ಕಡಿಮಿ.

1972ರ ಬರ ಬಂದಾಗ ನನಗ ನಾಕೈದು ವರ್ಷ. ಅವ್ವ ರಸ್ತಾದ ಕಾಮಗಾರಿಗಿ ಖಡಿ ಒಡಿಲಾಕ ಹೋಗ್ತಿದ್ದಳು. ನಮ್ಮನ್ನೂ ಕರಕೊಂಡೇ ಹೋಗ್ತಿದ್ದಳು, ಮನ್ಯಾಗ ಬಿಟ್ರ ನೋಡಾವ್ರು ಯಾರು. ಹೆಣ್ಣಾಳುಗೋಳ ಕೂಸುಗೋಳು ಎಲ್ಲಾ ಒಂದು ಜಾಲಿ ಗಿಡದ ಬುಡಕ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೆಂಪು ಜೋಳದ ರೊಟ್ಟಿ ಮುರದು ಮೊದಲು ಮಂದಿ ಮಕ್ಕಳ ಕೈಯಾಗ ಕೊಡ್ತಿದ್ದಳು, ಆಮ್ಯಾಲ ನಮಗ. ಆ ರೊಟ್ಟಿ ಹ್ಯಾಂಗಿತ್ತು ಅಂತ ಮರತೀನಿ, ಆ ಸರದಿ ಮರತಿಲ್ಲ. ಹೊಟ್ಟಿ ತುಂಬಿಲ್ಲ ಅಂತ ಅಲ್ಲ ತಂಗಿ, ಅಕಿ ಯಾವತ್ತೂ ನಮ್ಮನ್ನ ಉಪಾಸ ಇಟ್ಟಾಕಿ ಅಲ್ಲ. ಕೈ ನನ್ನ ಕಡಿ ಮೊದಲು ಬರಲಿಲ್ಲ, ಅಷ್ಟೇ. ಇಷ್ಟು ವಯಸ್ಸಾದ ಮ್ಯಾಲೂ ಇದು ಬರಿವಾಗ ನಾಚಿಕಿ ಬರ್ತದ, ಖರೆ ಬರದೇ ಬಿಟ್ಟೆ.

ಅಕಿ ಮಂಡಲ ಪಂಚಾಯತಿಗಿ ನಿಂತದ್ದು 1987ರಾಗ. ಆಗ ನೂರಕ್ಕ ಇಪ್ಪತ್ತೈದು ಸೀಟು ಹೆಣ್ಣುಮಕ್ಕಳಿಗಿ ಅಂತ ಕಾಯ್ದೆ ಬಂದಿತ್ತಲ್ಲ, ಊರ ಹಿರೇರು ಅಕಿ ಹೆಬ್ಬಟ್ಟಿನ ಹೆಣ್ಣು, ಹೇಳ್ದಲ್ಲಿ ಒತ್ತತಾಳ ಅಂತ ನಿಂದ್ರಿಸಿದ್ರು. ಹೆಬ್ಬಟ್ಟು ಒತ್ತಿದಳು, ಖರೆ ಹ್ಯಾಂಡ್ ಪಂಪು ಗೌಡರ ಓಣ್ಯಾಗ ಅಲ್ಲ, ಕೆಳಗಿನ ಕೇರಿಯಾಗ ಬೀಳೂತನಕ ಯಾವ ಕಾಗದಕ್ಕೂ ಒತ್ತಲಿಲ್ಲ. ಇದನ್ನ ಎಲ್ಲಾರೂ ಹೊಗಳಿ ಹೇಳ್ತಾರ. ಆ ವರ್ಷ ನನ್ನ ಮದಿವಿ. ಸೀರಿ ತರ್ಲಾಕ ಕಲಬುರಗಿಗಿ ಹೋಗೂ ದಿನಾನೇ ಮೀಟಿಂಗು. ನನ್ನ ಕೂಡ ಬಂದಾಕಿ ಚಿಗವ್ವ.

ಇನ್ನ ಕಿಲ್ಲಾರಿ ಭೂಕಂಪದ್ದು. 1993, ಅನಂತ ಚತುರ್ದಶಿ ಗಣಪತಿ ಕಳಿಸಿ ಮಂದಿ ಆಗಷ್ಟೇ ಮಲಗಿದ್ರು. ಸೆಪ್ಟೆಂಬರ್ 30ರ ನಸುಕಿನ್ಯಾಗ ಇನ್ನೂ ನಾಕು ಹೊಡದಿದ್ದಿಲ್ಲ, ಭೂಮಿ ನಡಗಿತು. ನಾ ತವರ‍್ಯಾಗ ಹಸಿ ಬಾಣಂತಿ. ಕೂಸಿನ್ನ ಎದಿಗಿ ಒತ್ತಿಕೊಂಡು ಅಂಗಳಕ್ಕ ಓಡಿ ಬಂದೆ. ನಮ್ಮವೂ ಅಲ್ಲಿನಂಥವೇ ಕಲ್ಲು ಮಣ್ಣಿನ ಮಾಳಿಗಿ ಮನಿ, ಗ್ವಾಡಿ ಬಿರುಕು ಬಿಟ್ಟಿತ್ತು. ಹೊರಗ ಬೇವಿನ ಗಿಡದ ಬುಡಕ ತಾಡಪತ್ರಿ ಕಟ್ಟಿ ಹೊರಸು ಹಾಕಿದ್ರು. ಮುಂಜಾನೆ ರೇಡಿಯೋದಾಗ ಲಾತೂರ ಕಡಿ ಊರಿಗೂರೇ ಮಣ್ಣಾಗ್ಯಾವ ಅಂತ ಬಂತು. ಹತ್ತು ಸಾವಿರದ ಹತ್ರ ಮಂದಿ ಸತ್ತದ್ದು ನಮಗ ಆಮ್ಯಾಲ ಗೊತ್ತಾತು. ಅವ್ವ ಓಣಿ ಓಣಿ ತಿರುಗಿ ಹಿಟ್ಟು ಕೂಡಿಸಿ ರೊಟ್ಟಿ ಬಡಿಸಿದಳು. ಟ್ರ್ಯಾಕ್ಟರ್ ಉಮರ್ಗಾ ದಾರಿ ಹಿಡಿವಾಗ ತಾನೂ ಹತ್ತಿ ಕೂತಳು. ಬ್ಯಾರೆ ಹೆಣ್ಣುಮಕ್ಕಳು ಇಲ್ಲದಿದ್ರ ಅಲ್ಲಿನ ಬಾಣಂತೇರಿಗಿ, ಬಸುರೇರಿಗಿ ಯಾರು ಕೈ ಹಚ್ಚತಾರ ಅಂದಳು. ಊರಾಗ ಎಲ್ಲಾರ ಬಾಣಂತನ ಮಾಡಿದ ಸೂಲಗಿತ್ತಿ, ತನ್ನ ಮಗಳನ್ನ ಮಳಿಯಾಗ ತಾಡಪತ್ರಿ ಕೆಳಗ ಬಿಟ್ಟು ಹೋದಳು.

ಅಲ್ಲೇ ನಿಂತಳು ಭಾಳ ದಿನ. ತಿರುಗಿ ಬಂದ ದಿನ ನಾ ಅಂದೆ, "ನೀ ಊರಿಗೆಲ್ಲಾ ಅವ್ವ, ನನಗೊಬ್ಬಾಕಿಗೇ ಇಲ್ಲ" ಅಂತ. ಅಳತಾಳ ಅನ್ಕೊಂಡಿದ್ದೆ. ಕೈಕಾಲು ತೊಳಕೊಂಡು, ಕೂಸಿನ್ನ ಎತ್ತಿಕೊಂಡು, "ನಿನ್ನ ಹತ್ರ ಚಿಗವ್ವ ಇದ್ದಳಲ್ಲ" ಅಂದಳು. ಅಷ್ಟೇ. ಲೆಕ್ಕಾ ಸರಿಯೇ ಅದ. ಅಲ್ಲಿ ಯಾರೂ ಇದ್ದಿಲ್ಲ, ಇಲ್ಲಿ ಚಿಗವ್ವ ಇದ್ದಳು. ಆದ್ರ ನನಗ ಬೇಕಾದದ್ದು ಲೆಕ್ಕಾ ಅಲ್ಲ.

ನೋಡು, ನಿನಗ ಧೈರ್ಯ ಹೇಳ್ಲಾಕ ಕೂತು ಏನು ಬರದೀನಿ! ಹರದು ಹಾಕಿ ಬ್ಯಾರೆ ಬರೀಲೇನು ಅಂತ ಯೋಚನಿ ಮಾಡಿದೆ. ಬ್ಯಾಡ. ನಿನ್ನ ಮಗಳು ಹಂಗೆಲ್ಲಾ ಅನ್ನೂದಿಲ್ಲ ಬಿಡು ಅಂತ ನಾ ಬರದ್ರ ಸುಳ್ಳಾಗ್ತದ. ಅನಬಹುದು. ನಾ ಅಂದೀನಿ, ಅಂದು ಆಯಿ ಕೂಡ ಮಾತು ಬಿಟ್ಟಿಲ್ಲ, ಬಾಣಂತನ ಮುಗಿಯೂತನಕ ಅಕಿ ಕೈಲೇ ಎಣ್ಣಿ ನೀರು ಹಾಕಿಸಿಕೊಂಡೀನಿ. ಸಿಟ್ಟೂ ಇತ್ತು, ಎಣ್ಣಿನೂ ಇತ್ತು.

ಇನ್ನೊಂದು ಮಾತು. ನಿಮ್ಮ ಮುತ್ತ್ಯಾ ಮುಂಜಾನೆ ಚಾವಡಿ ಕಟ್ಟಿ ಹತ್ತಿದ್ರ ಊರ ನ್ಯಾಯ ಬಗಿಹರಿಸಿ ಬರೂದು ದೀಪ ಹಚ್ಚೂ ಹೊತ್ತಿಗಿ. ಅಪ್ಪ ಊರ ಪಾಲಾದ ಅಂತ ನಾವ್ಯಾರೂ ಅನಲಿಲ್ಲ, ದೊಡ್ಡ ಮನಷ್ಯಾ ಅಂದಿವಿ. ಸರದಿ, ಸೀರಿ, ಹೊರಸು ಎಲ್ಲಾ ಲೆಕ್ಕಾ ಇಟ್ಟದ್ದು ಅವ್ವನ ಮ್ಯಾಗೇ. ಇದು ನನಗ ಹೊಳಿಲಾಕ ಅರವತ್ತರ ಹತ್ರ ಬರಬೇಕಾತು. ನಿನ್ನ ಗಂಡ ಹಾಲಿನ ಸೊಸಾಯಿಟಿ ಅಂತ ದಿನಾ ಹೋಗ್ತಾನಲ್ಲ, ಅವಂಗೂ ಈ ಹೆದರಿಕಿ ಅದೇನು ಕೇಳಿ ನೋಡು. ಜಗಳಾ ತಗಿ ಅಂತ ಹೇಳ್ಲಾಕತ್ತಿಲ್ಲ ಮತ್ತ.

ಆಯಿ ಮಣ್ಣಿನ ದಿನ ನೀ ಅಡಗಿ ಕಡಿ ಇದ್ದಿ, ನೋಡಿರಲಿಕ್ಕಿಲ್ಲ. ಕೆಳಗಿನ ಕೇರಿಯಾಕಿ ಒಬ್ಬಾಕಿ ನನ್ನ ಸರಸಿ ಹೆಣದ ತಲಿ ಹತ್ರ ಕೂತು "ನನ್ನವ್ವಾ" ಅಂತ ಹಾಡ್ಯಾಡಿ ಅತ್ತಳು. ಅಕಿ ಮೂರೂ ಮಕ್ಕಳು ಹುಟ್ಟಿದ್ದು ಅವ್ವನ ಕೈಯಾಗ. ಅಲ್ಲೂ ನನಗ ಹೊಟ್ಟಿಕಿಚ್ಚು ಬಂತು, ನಗಬ್ಯಾಡ. ಖರೆ ಈಗ ನಾ ತವರೂರಿಗಿ ಹೋದ್ರ ಅಕಿ ಮನ್ಯಾಗೇ ಮೊದಲು ಚಾ. ಸಂತಿಗಿ ಹೋದ್ರ ಆಯಿ ಮಗಳು ಅಂತ ಬೆಲಿ ಬಿಟ್ಟು ಕೊಡ್ತಾರ, ಬಸ್ಸಿನ್ಯಾಗ ಜಾಗಾ ಬಿಡ್ತಾರ. ನನಗ ಕೊಡದೆ ಮಂದಿಗಿ ಕೊಟ್ಟದ್ದು ಮಂದಿ ಕೈಲೇ ನನಗ ಬರ್ಲಾಕತ್ತದ. ಸಮಾಧಾನ ಆಗ್ಯಾದ ಅಂತ ತಿಳಿಬ್ಯಾಡ, ಚಾ ಕುಡಿವಾಗೂ ಒಮ್ಮೊಮ್ಮೆ ಆ ಹೊರಸು ನೆಂಪಾಗ್ತದ.

ಬುದ್ಧಿ ಹೇಳು ಅಂದಿ. ನನ್ನ ಹತ್ರ ಅದೆಲ್ಲಿ ಅದ. ಒಂದು, ಎಲ್ಲಿಗಿ ಹೊಂಟೀನಿ, ಯಾಕ ಹೊಂಟೀನಿ ಅಂತ ಮಗಳಿಗಿ ಹೇಳಿ ಹೋಗು. ಅವ್ವ ನಮಗ ಹೇಳ್ತಿದ್ದಿಲ್ಲ, ಆ ಕಾಲಕ್ಕ ಮಕ್ಕಳಿಗಿ ಯಾರು ಹೇಳ್ತಿದ್ರು. ಒಮ್ಮೊಮ್ಮೆ ಕೂಡೇ ಕರಕೊಂಡು ಹೋಗು, ಬ್ಯಾಸರಾದ್ರ ತಾನೇ ಬರೂದಿಲ್ಲ. ಸಂಘದ ಪುಸ್ತಕ ಬರಿಯೂದು ಇನ್ನೊಬ್ಬಾಕಿಗಿ ಕಲಿಸು. ನಿಮ್ಮ ಬೀದರ ಕಡಿ ಡಿಸಿಸಿ ಬ್ಯಾಂಕಿನ, ಅದೇ ಜಿಲ್ಲಾ ಸಹಕಾರಿ ಬ್ಯಾಂಕಿನ, ಕೈ ಹಿಡದು ಎಷ್ಟು ಹಳೀ ಸಂಘಗೋಳು ನಿಂತಾವ, ಎಲ್ಲಾ ಒಬ್ಬಾಕಿ ಮ್ಯಾಗೇ ನಿಂತಾವೇನು? ಎಳ್ಳ ಅಮವಾಸಿ ದಿನ ಯಾರು ಸತ್ತಾರಂದ್ರೂ, ಅಯ್ಯ, ಸತ್ತಾರಂದ್ರ ಹೋಗು, ಮೀಟಿಂಗು ಅಂದ್ರ ಹೋಗಬ್ಯಾಡ. ಸಜ್ಜಿ ರೊಟ್ಟಿ, ಭಜ್ಜಿ ಕಟಗೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ ಮಗಳ ಕೂಡ ಕೂತು ಉಣ್ಣು. ಅವ್ವ ಆ ಒಂದು ದಿನ ನಮ್ಮಾಕಿ ಆಗಿರ್ತಿದ್ದಳು. ಬುತ್ತಿ ಬಿಚ್ಚಿದ್ರ ಮೊದಲ ಹೋಳಿಗಿ ನನಗ. ಇದನ್ನ ಮೇಲೇ ಬರಿಬೇಕಾಗಿತ್ತು, ಈಗ ನೆಂಪಾತು.

ಹೇಳಿದ್ರ ನಿನ್ನ ಹೆದರಿಕಿ ಹೋಗ್ತದ ಅಂತ ಅಲ್ಲ. ಮಗಳು ಆ ಮಾತು ಅಂದ ದಿನ ನೀ ಲೆಕ್ಕಾ ಒಪ್ಪಿಸಬ್ಯಾಡ, ಅಷ್ಟು ನೆಂಪಿಡು. ಚಿಗವ್ವ ಇದ್ದಳು, ಮುತ್ತ್ಯಾ ಇದ್ದ ಅಂತ ಅನಬ್ಯಾಡ. ಹೌದವ್ವಾ, ಇದ್ದಿದ್ದಿಲ್ಲ ಅನ್ನು. ನನಗ ಅಷ್ಟು ಅಂದಿದ್ರ ಸಾಕಾಗಿತ್ತೇನೋ. ಸಾಕಾಗ್ತಿದ್ದಿಲ್ಲೇನೋ.

ತೊಗರಿಯಾಗ ಅಲ್ಲಲ್ಲಿ ಗಿಡ ನಿಂತಲ್ಲೇ ಒಣಗಲಾಕತ್ತಾವ ಅಂತ ಬರದೀ. ಅದು ನೆಟಿ ರೋಗ, ಮಣ್ಣಿನ್ಯಾಗ ಉಳಿತದ. ಮುಂದಿನ ವರ್ಷ ಆ ಹೊಲಕ್ಕ ತೊಗರಿ ಬ್ಯಾಡ, ಜೋಳ ಹಾಕು. ಬೀಜ ಕೊಳ್ಳುವಾಗ ನೆಟಿ ತಡಿಯೂ ತಳಿನೇ ಕೇಳಿ ತಗೋ.

ದೀಪಾವಳಿ ಸೂಟಿಗಿ ಮಗಳನ್ನ ಕರಕೊಂಡು ಬಾ. ನಿನಗ ಆಗದಿದ್ರ ಅಳಿಯನ ಕೂಡ ಕಳಿಸು. ಆದ್ರ ನಿಮ್ಮಿಬ್ಬರಿಗೂ ಬಸ್ಸು ಪುಕ್ಕಟ, ಅವಂಗಷ್ಟೇ ರೊಕ್ಕಾ ಬೀಳ್ತದ, ವಿಚಾರ ಮಾಡು.

ನಿನ್ನ ಅತ್ತಿ