ದೆವ್ವದ ನಡುಕ ಬಿಡಿಸಿದವರಿಗೆ

ಹಲವರು ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ನಮ್ಮ ದೆವ್ವದ ಆಟದ ಕೋಡನ್ನು ಹೆಸರು ಹೇಳದೆ ತಿದ್ದಿಕೊಟ್ಟವರೇ, ತುಂಬು ಮನಸ್ಸಿನ ಧನ್ಯವಾದ.

ಒಂದೇ ದೆವ್ವ ಒಬ್ಬ ಆಟಗಾರನಿಗೆ ಮೆಟ್ಟಿಲ ಮೇಲೆ, ಇನ್ನೊಬ್ಬನಿಗೆ ಗೋಡೆಯೊಳಗೆ ಕಾಣುತ್ತಿತ್ತು. ಪ್ರತಿ ಕಂಪ್ಯೂಟರೂ ಅದರ ನಡೆಯನ್ನು ತಾನೇ ಲೆಕ್ಕ ಹಾಕುತ್ತಿದ್ದುದೇ ಕಾರಣ. ಆ ತೀರ್ಮಾನವನ್ನೆಲ್ಲ ನೀವು ಎಲ್ಲರನ್ನೂ ಜೋಡಿಸುವ ಕೇಂದ್ರ ಕಂಪ್ಯೂಟರಾದ ಸರ್ವರ್‌ಗೆ ಒಪ್ಪಿಸಿದಿರಿ. ಈಗ ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ, ದೆವ್ವದ ಸ್ಥಾನ ಕಳಿಸುತ್ತದೆ. ಆಟಗಾರನ ಪರದೆ 100 ಮಿಲಿಸೆಕೆಂಡು ಹಿಂದೆಯೇ ಉಳಿದು, ಬಂದ ಎರಡು ಸ್ಥಾನಗಳ ನಡುವೆ ಅದನ್ನು ನಯವಾಗಿ ಸಾಗಿಸುತ್ತದೆ. ಹೀಗೆ ಬರುವ ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದುಹೋದರೂ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಮಾಯವಾಗಿ ಬೇರೆಡೆ ಪ್ರತ್ಯಕ್ಷವಾಗುವ ದೆವ್ವ ಮಾತ್ರ ಈ ನಯವಾದ ಸಾಗಣೆಯಿಂದ ಗೋಡೆ ತೂರಿಕೊಂಡು ಜಾರುತ್ತಿತ್ತು (ದೆವ್ವಕ್ಕೆ ಅದು ಸಹಜವೇ ಅನ್ನಿ!). ಅದಕ್ಕೊಂದು ‘ಜಿಗಿತ’ ಫ್ಲ್ಯಾಗ್ (ಹೌದು-ಇಲ್ಲ ಎನ್ನುವ ಗುರುತು) ಇಟ್ಟಿರಿ: ಅದು ಬಂದರೆ ನಡುವಿನ ಲೆಕ್ಕ ಬೇಡ, ನೇರ ಹೊಸ ಜಾಗ.

ಸ್ಥಾನದ 3 ಫ್ಲೋಟ್‌ಗಳಿಗೆ (ಉದ್ದ, ಅಗಲ, ಎತ್ತರದ ಅಕ್ಷಕ್ಕೊಂದರಂತೆ ದಶಮಾಂಶ ಸಂಖ್ಯೆಗಳು) 12 ಬೈಟ್ ಬೇಕಿತ್ತು. 1 ಕಿಲೋಮೀಟರ್ ಅಗಲದ ಮ್ಯಾಪ್‌ಗೆ ಅಕ್ಷಕ್ಕೆ 16 ಬಿಟ್ ಸಾಕು; ನಿಖರತೆ ಸುಮಾರು 1.5 ಸೆಂಟಿಮೀಟರ್, ಗಾತ್ರ 6 ಬೈಟ್.

ದೊಡ್ಡ ಉಪಕಾರ ಬೇರೆಯೇ ಇದೆ: ಅದೃಶ್ಯ ದೆವ್ವದ ಸ್ಥಾನವನ್ನು ಕಳಿಸಲೇಬೇಡಿ ಎಂದಿರಿ. ಚಿತ್ರ ಮರೆಮಾಡಿದರೂ ಮಾಹಿತಿ ಮೆಮೊರಿಯಲ್ಲಿದ್ದರೆ ಮೋಸದ ಟೂಲ್‌ಗಳು ಅದನ್ನು ಓದಿಬಿಡುತ್ತವೆ. ಈಗ ದೆವ್ವ ಅದೃಶ್ಯವಾಗಿದ್ದಾಗ ಆಟಗಾರನಿಗೆ ಹೋಗುವುದು ಹೆಜ್ಜೆ ಸದ್ದಿನ ದಿಕ್ಕಷ್ಟೇ.