ಮೈನಾಟ್‌ನಲ್ಲಿ ನೆಲೆಸಲಿರುವ ಶ್ರೀಧರನಿಗೆ

ಚಿ. ಶ್ರೀಧರನಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಅಮೆರಿಕದ ಉತ್ತರ ಡಕೋಟ ರಾಜ್ಯದ ಮೈನಾಟ್‌ನಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಸಂತೋಷ. ಆದರೆ ‘ಹೇಗೋ ಎರಡು ವರ್ಷ ತಳ್ಳಿ ದೊಡ್ಡ ಊರಿಗೆ ಹೋಗುತ್ತೇನೆ’ ಎಂದು ನೀನು ಬರೆದದ್ದು ನನಗೆ ಹಿಡಿಸಲಿಲ್ಲ. ಇರುವಷ್ಟು ಕಾಲ ಆ ಊರನ್ನು ಅರಿತು ಬಾಳು.

1886ರಲ್ಲಿ ರೈಲು ಉದ್ಯಮಿ ಜೇಮ್ಸ್ ಜೆ. ಹಿಲ್‌ನ ಹಳಿ ಪಶ್ಚಿಮದತ್ತ ಸಾಗುತ್ತಿದ್ದಾಗ, ಮುಂದಿನ ಕಣಿವೆಗೆ ಸೇತುವೆ ಕಟ್ಟಬೇಕಾಗಿ ಬಂದು, ಚಳಿಗಾಲವೂ ಸಮೀಪಿಸಿ, ಕೆಲಸವು ಸೂರಿಸ್ ನದಿಯ ಬಳಿ ನಿಂತಿತು. ಅಲ್ಲಿ ಬಿಟ್ಟ ಬೀಡು ನೋಡನೋಡುತ್ತಲೇ ಪಟ್ಟಣವಾದುದರಿಂದ ಅದಕ್ಕೆ ‘ಮ್ಯಾಜಿಕ್ ಸಿಟಿ’ ಎಂಬ ಅಡ್ಡಹೆಸರು ಬಂತು. ತಮ್ಮ ನಾಡಿನಲ್ಲಿ ಉಳುವುದಕ್ಕೆ ನೆಲ ಸಾಲದೆ ಈ ಸೀಮೆಗೆ ಬಂದ ನಾರ್ವೆಯ ರೈತಮಕ್ಕಳಿಗೆ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದರೆ 160 ಎಕರೆ ಕೊಡುವ 1862ರ ಹೋಮ್‌ಸ್ಟೆಡ್ ಕಾಯಿದೆಯೇ ದೊಡ್ಡ ಆಸೆಯಾಗಿತ್ತು. ಅವರೂ ನಿನ್ನಂತೆ ಹೊಟ್ಟೆಪಾಡಿಗೆ ಬಂದವರೇ.

ಮೊದಲ ರಜೆಯಲ್ಲಿಯೇ ಸ್ಕ್ಯಾಂಡಿನೇವಿಯನ್ ಹೆರಿಟೇಜ್ ಪಾರ್ಕಿಗೆ ಹೋಗು. ನಾರ್ವೆಯ ಗೋಲ್ ಎಂಬಲ್ಲಿದ್ದ ಮಧ್ಯಯುಗದ ಮರದ ಚರ್ಚಿನ ಪೂರ್ಣಗಾತ್ರದ ಪ್ರತಿರೂಪ ಅಲ್ಲಿದೆ; ಸಿಗ್ಡಾಲ್‌ನ ಹಳೆಯ ಮರದ ಮನೆ, ಸ್ವೀಡನ್ನಿನ ಕೆಂಪು ಕುದುರೆ, ಡೆನ್ಮಾರ್ಕಿನ ಗಾಳಿಗಿರಣಿ, ಫಿನ್‌ಲೆಂಡಿನ ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆ ಇವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೋಂದ್ರೆ ನೂರ್ಹೈಮ್‌ನ ಪ್ರತಿಮೆ. ಹಿಮದ ಮೇಲೆ ಜಾರುವ ಹಲಗೆಗೆ ಹಿಮ್ಮಡಿಯನ್ನು ಬಿಗಿಹಿಡಿಯುವ ಕಟ್ಟನ್ನು ರೂಪಿಸಿ ಆಧುನಿಕ ಸ್ಕೀಯಿಂಗಿಗೆ ದಾರಿ ಮಾಡಿದ ಈ ನಾರ್ವೆಯ ಟೆಲೆಮಾರ್ಕಿನ ಬಡವ, 1884ರಲ್ಲಿ ಅಮೆರಿಕಕ್ಕೆ ಬಂದು, ಮೈನಾಟ್‌ಗೆ ಪೂರ್ವದಲ್ಲಿರುವ ಡೆನ್‌ಬಿಯ ಬಳಿ ನೆಲೆಸಿ, 1897ರಲ್ಲಿ ಅಲ್ಲಿಯೇ ತೀರಿಕೊಂಡ. ಬೆಟ್ಟದಿಂದ ಜಾರುವುದರಲ್ಲಿ ಹೆಸರಾದವನಿಗೆ ಕೊನೆಗೆ ದಕ್ಕಿದ್ದು ಬಯಲು. ವಿಧಿಯ ತಮಾಷೆ ನೋಡು!

1978ರಿಂದ ನಡೆದುಬಂದಿರುವ ‘ನಾರ್ಸ್ಕ್ ಹೋಸ್ಟ್‌ಫೆಸ್ಟ್’ ಎಂಬ ಊರಿನ ಸ್ಕ್ಯಾಂಡಿನೇವಿಯನ್ ಹಬ್ಬಕ್ಕೂ ತಪ್ಪದೆ ಹೋಗು. ಕ್ಷಾರದಲ್ಲಿ ನೆನೆಸಿದ ಮೀನಾದ ಲೂಟೆಫಿಸ್ಕ್ ನಿನ್ನಂಥ ಸಸ್ಯಾಹಾರಿಗೆ ಆಗದು; ಆಲೂಗಡ್ಡೆಯ ಲೆಫ್ಸೆಯಾದರೋ ಹೂರಣವಿಲ್ಲದ ಒಬ್ಬಟ್ಟಿನಂತೆ ತೆಳ್ಳಗಿರುತ್ತದೆ, ಸಕ್ಕರೆ ಬೆಣ್ಣೆ ಸವರಿ ತಿನ್ನು.

ಇಷ್ಟನ್ನೇ ಕಂಡು ಊರಿನ ಚರಿತ್ರೆ ತಿಳಿಯಿತೆಂದುಕೊಳ್ಳಬೇಡ. ಸರ್ಕಾರ ಹಂಚಿದ ನೆಲ ಬರಿದಾಗಿರಲಿಲ್ಲ. ಆ ಸೀಮೆಯ ಮೂಲನಿವಾಸಿಗಳಾದ ಮಂಡನ್, ಹಿಡಾಟ್ಸಾ ಮತ್ತು ಅರಿಕರಾ ಜನ ನೈಋತ್ಯಕ್ಕಿರುವ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶದಲ್ಲಿದ್ದಾರೆ. ಮಿಸ್ಸೂರಿ ನದಿಗೆ ಕಟ್ಟಿದ ಗ್ಯಾರಿಸನ್ ಅಣೆಕಟ್ಟಿನಿಂದ ಅವರ ಫಲವತ್ತಾದ ನದಿತೀರವೂ ಮುಳುಗಿತು. ಹಬ್ಬದ ಸಡಗರದಲ್ಲಿ ಈ ಸಂಗತಿ ಸುಲಭವಾಗಿ ಮರೆಯಾಗುತ್ತದೆ. ಆದುದರಿಂದ ಹಿಮ ಬೀಳುವ ಮೊದಲೇ ಒಮ್ಮೆ ಅತ್ತ ಹೋಗಿ ಬಾ; ಆಮೇಲೆ ರಸ್ತೆಗಳನ್ನು ನಂಬುವಂತಿಲ್ಲ.

ಇಂತು,
ನಿನ್ನ ಚಿಕ್ಕಪ್ಪ